ಹಳೆ ಪುಟ್ಟ ಟ್ರ್ಯಾಕ್ಟರ್: ಹೊಸ ಬಣ್ಣದಡಿ ಏನಿದೆ?

ಅಡಿಕೆ ತೋಟದಲ್ಲಿ ಸಾಲಿಂದ ಸಾಲಿಗೆ ಸಾಮಾನ್ಯವಾಗಿ 9 ಅಡಿ. ದೊಡ್ಡ ಟ್ರ್ಯಾಕ್ಟರ್ ಒಳಗೆ ತಿರುಗಿದರೆ ಮರದ ಬುಡಕ್ಕೆ ಪೆಟ್ಟು. ಅದಕ್ಕೇ ಕೊಡಿಗೇನಹಳ್ಳಿ, ಕೊರಟಗೆರೆ ಕಡೆಯ ಸಣ್ಣ ರೈತನಿಗೆ ಹಳೆಯ ಪುಟ್ಟ ಟ್ರ್ಯಾಕ್ಟರ್ ಬೇಕು. ಹೊಸದಕ್ಕೆ ಸಾಲ ಮಾಡುವುದಕ್ಕಿಂತ ಒಳ್ಳೆಯ ಹಳೆಯದು ಮೇಲು ಎಂದೇ ನನ್ನ ನಂಬಿಕೆ. ಆದರೆ ‘ಒಳ್ಳೆಯದು’ ಯಾವುದೆಂದು ತಿಳಿಯಬೇಕು.

ಮಾರುವವರು ಬಾನೆಟ್‌ಗೆ ಬಣ್ಣ ಹೊಡೆಸಿರುತ್ತಾರೆ. ಅದನ್ನು ಬಿಟ್ಟು ಹಿಂದಕ್ಕೆ ಹೋಗಿ ಹುಕ್ಕು ನೋಡಿ. ಟ್ರೈಲರ್ ಪಿನ್ನು ಕೂರುವ ತೂತು ದುಂಡಗಿದ್ದರೆ ಗಾಡಿ ಹೆಚ್ಚಾಗಿ ಉಳುಮೆಯಲ್ಲಿ ದುಡಿದಿದೆ; ಸವೆದು ಉದ್ದವಾಗಿದ್ದರೆ ಮರಳು, ಇಟ್ಟಿಗೆ, ಕಲ್ಲು ಎಳೆದಿದೆ. ಹಾಗೆ ಎಳೆದ ಗಾಡಿಯ ಕ್ಲಚ್ಚು, ಬ್ರೇಕು, ಗೇರ್‌ಬಾಕ್ಸು ಎಂಜಿನ್ನಿಗಿಂತ ಮೊದಲೇ ಸೋತಿರುತ್ತವೆ. ಗಂಟೆಯ ಮೀಟರನ್ನು ನಾನು ನಂಬುವುದಿಲ್ಲ, ಸವೆದ ಕ್ಲಚ್ ಪೆಡಲನ್ನು ನಂಬುತ್ತೇನೆ. ಮುಂದಿನ ಚಕ್ರ ಎತ್ತಿ ಅಲ್ಲಾಡಿಸಿ. ಗಡಗಡ ಅಂದರೆ ಕಿಂಗ್‌ಪಿನ್, ಬುಷ್ ಹೋಗಿವೆ.

ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. ಮುಟ್ಟಿದಾಗ ಬಿಸಿಯಿದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಇನ್ನೊಂದು ದಿನ ಬರುತ್ತೇನೆ ಅನ್ನಿ. ಸ್ಟಾರ್ಟ್ ಆದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ, ರಿಂಗು, ಲೈನರ್ ಸವೆದಿರಬಹುದು. ಬಿಳಿ ಹೊಗೆ ಮೊದಲ ನಿಮಿಷ ಸಹಜ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ಆಮೇಲೆ ಕಲ್ಟಿವೇಟರ್ ಎತ್ತಿ ಎಂಜಿನ್ ಆರಿಸಿ, ಹತ್ತು ನಿಮಿಷ ನೋಡಿ. ಬೇಗನೆ ಕೆಳಗಿಳಿದರೆ ಹೈಡ್ರಾಲಿಕ್ ಸೋರುತ್ತಿದೆ.

ಬಿಡಿಭಾಗದ ಲೆಕ್ಕವೂ ಬೆಲೆಯ ಲೆಕ್ಕವೇ. ವಿಎಸ್‌ಟಿ 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಂಪನಿ. ಮಿತ್ಸುಬಿಷಿ ತಂತ್ರಜ್ಞಾನದ ಅದರ 18.5 ಎಚ್‌ಪಿಯ ‘ಶಕ್ತಿ’ಗೆ ಭಾಗ ಹುಡುಕುವುದು ನಮ್ಮ ಕಡೆ ಕಷ್ಟವಲ್ಲ. ಎಚ್‌ಎಂಟಿ 2511 ಗಟ್ಟಿಗ, 25 ಎಚ್‌ಪಿ. ಆದರೆ ಪಿಂಜೋರ್‌ನ ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗ ಮುಚ್ಚಲು 2016ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ಹಾಗಾಗಿ ಕೊಳ್ಳುವ ಮುನ್ನ ಮಧುಗಿರಿಯ ಸ್ಪೇರ್ ಅಂಗಡಿಯಲ್ಲಿ ಕ್ಲಚ್ ಪ್ಲೇಟು, ಲೈನರ್ ಸಿಗುತ್ತವೆಯೇ ಕೇಳಿ.

ಅದೇ ಮಾದರಿಯ ಸುಸ್ಥಿತಿಯ ಗಾಡಿಯ ದರ ಹಿಡಿದು, ಹಿಂದಿನ ಜೋಡಿ ಟೈರು, ಬ್ಯಾಟರಿ, ಎಂಜಿನ್ ಕೆಲಸದ ಖರ್ಚನ್ನು ಮೆಕ್ಯಾನಿಕ್‌ನಿಂದ ಬರೆಸಿ ಕಳೆಯಿರಿ. ಉಳಿದದ್ದೇ ನೀವು ಹೇಳಬೇಕಾದ ಬೆಲೆ.

ಕೊನೆಗೆ ಕಾಗದ. ಛಾಸಿ ನಂಬರು ಆರ್‌ಸಿಯ ನಂಬರಿಗೆ ತಾಳೆಯಾಗಬೇಕು. ನೋಂದಣಿಗೆ 15 ವರ್ಷ, ಬಳಿಕ ನವೀಕರಣ. ಅದು ಬಾಕಿಯಿದೆಯೇ ನೋಡಿ. ಬ್ಯಾಂಕಿನ ಸಾಲದ ನಮೂದು ತೆಗೆಸಿರಬೇಕು. ಹಿಂದೂಪುರ ಇಲ್ಲಿಗೆ ಹತ್ತಿರ, ಆಂಧ್ರದ ಗಾಡಿಗಳೂ ಬರುತ್ತವೆ. ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರವಿಲ್ಲದೆ ಮಧುಗಿರಿಯ ಕೆಎ-64 ನಂಬರು ಸಿಗದು. ಆರ್‌ಸಿ ನಿಮ್ಮ ಹೆಸರಿಗಾಗುವವರೆಗೆ ಒಂದಿಷ್ಟು ಹಣ ಉಳಿಸಿಕೊಳ್ಳಿ. ಅದಕ್ಕೆ ಒಪ್ಪದವರ ಗಾಡಿ ಎಷ್ಟೇ ಚೆನ್ನಾಗಿದ್ದರೂ ಬೇಡ.