ವಿದ್ಯುಚ್ಛಕ್ತಿಯ ರೂಪಾಂತರವೂ ಅದರ ಕವಾಟಗಳೂ

ಕೋಲಾರದ ಸೀಮೆಗೆ ದೂರದೇಶದ ವಿದ್ಯುಚ್ಛಕ್ತಿಯನ್ನು ತಂದ ಹೆಸರಾಂತ ತಂತಿಮಾರ್ಗಗಳು ಎರಡು. ಮೊದಲನೆಯದು 1902ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿಗಳನ್ನು ಕ್ರಮಿಸಿ ಚಿನ್ನದ ಗಣಿಗಳನ್ನು ಮುಟ್ಟಿತು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಸಂಕಲ್ಪಿತವಾದ ಈ ಕಾರ್ಯವು ಅವರು ಕಾಲವಾದ ಮರುವರ್ಷ ಕೈಗೂಡಿತು. ಎರಡನೆಯದು 2003ನೆಯ ಇಸವಿಯಲ್ಲಿ ಒಡಿಶಾದ ತಾಲ್ಚೇರಿನ ಕಲ್ಲಿದ್ದಲ ಸೀಮೆಯಿಂದ 1,300 ಕಿಲೋಮೀಟರಿಗೂ ಮೀರಿದ ದಾರಿಯನ್ನು ಹಾದು ಬಂದಿತು. ಮೊದಲನೆಯ ಮಾರ್ಗದಲ್ಲಿ ಹರಿದದ್ದು ಪರ್ಯಾಯ ಪ್ರವಾಹ, ಎಂದರೆ ಸೆಕೆಂಡಿಗೆ 25 ಆವರ್ತಗಳಂತೆ ಹಿಂದುಮುಂದಾಗಿ ತುಯ್ದಾಡುವ ಪ್ರವಾಹ. ಎರಡನೆಯದರಲ್ಲಿ ಹರಿಯುವುದು ಸದಾ ಒಂದೇ ದಿಕ್ಕಿಗೆ ಸಾಗುವ ಏಕಮುಖ ಪ್ರವಾಹ. ಶಿವನಸಮುದ್ರದ ಕಾಲಕ್ಕೆ ಸೋತುಹೋಯಿತೆಂದು ಬಗೆಯಲ್ಪಟ್ಟಿದ್ದ ಏಕಮುಖ ಪ್ರವಾಹವು ನೂರು ವರ್ಷಗಳ ತರುವಾಯ ಅದೇ ಕೋಲಾರಕ್ಕೆ ಬಂದುದು ಹೇಗೆಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ಅದು ಸೋತ ಕಾರಣವನ್ನು ನೋಡಬೇಕು. 1882ರಲ್ಲಿ ಎಡಿಸನ್ ನ್ಯೂಯಾರ್ಕ್ ನಗರದಲ್ಲಿ ಹಂಚಿದ್ದು ಏಕಮುಖ ಪ್ರವಾಹವನ್ನೇ. ಆದರೆ ತಂತಿಯಲ್ಲಿ ಶಾಖವಾಗಿ ಕಳೆದುಹೋಗುವ ಶಕ್ತಿಯು ಪ್ರವಾಹದ ವರ್ಗಕ್ಕೆ ಅನುಗುಣವಾದುದು. ಅಷ್ಟೇ ಶಕ್ತಿಯನ್ನು ಹತ್ತುಪಟ್ಟು ಒತ್ತಡದಲ್ಲಿ ಸಾಗಿಸಿದರೆ ಪ್ರವಾಹವು ಹತ್ತನೆಯ ಒಂದು ಭಾಗಕ್ಕೂ ನಷ್ಟವು ನೂರನೆಯ ಒಂದು ಭಾಗಕ್ಕೂ ಇಳಿಯುತ್ತವೆ. ಆದಕಾರಣ ದೂರದ ಸಾಗಣೆಗೆ ಒತ್ತಡವನ್ನು ಏರಿಸಿ ಇಳಿಸುವ ಉಪಾಯ ಬೇಕು. 1885ರಲ್ಲಿ ಬುಡಾಪೆಸ್ಟಿನಲ್ಲಿ ಸುಧಾರಿತ ರೂಪವನ್ನು ಪಡೆದ ಟ್ರಾನ್ಸ್‌ಫಾರ್ಮರ್ ಇದನ್ನು ಸುಲಭವಾಗಿ ಮಾಡಿತು. ಆದರೆ ಅದು ಕೆಲಸ ಮಾಡುವುದು ಪರ್ಯಾಯ ಪ್ರವಾಹದಿಂದ ಮಾತ್ರ. ಶಿವನಸಮುದ್ರದ ಯೋಜಕರು ಪರ್ಯಾಯ ಪ್ರವಾಹವನ್ನು ಆರಿಸಿಕೊಂಡದ್ದು ಇದರಿಂದಲೇ.

ಇಲ್ಲಿ ಪರಿಭಾಷೆಯ ಒಂದು ತೊಡಕನ್ನು ಸೂಚಿಸುವುದು ಅಪ್ರಸ್ತುತವಾಗಲಾರದು. ಟ್ರಾನ್ಸ್‌ಫಾರ್ಮರಿಗೆ ಕನ್ನಡದಲ್ಲಿ 'ಪರಿವರ್ತಕ'ವೆಂಬ ಹೆಸರು ನಿಂತುಬಿಟ್ಟಿದೆ. ಅದು ಬದಲಿಸುವುದು ಒತ್ತಡದ ಪ್ರಮಾಣವನ್ನೇ ಹೊರತು ಪ್ರವಾಹದ ಜಾತಿಯನ್ನಲ್ಲ. ಜಾತಿಯನ್ನೇ ಬದಲಿಸುವ ಸಾಧನಕ್ಕೆ ಈಗ ಬೇರೆ ಮಾತು ಬೇಕಾಗಿದೆ. 'ರೂಪಾಂತರಕ' ಎಂದರೆ ಸಲ್ಲಬಹುದು. ಮನೆಮನೆಯಲ್ಲಿಯೂ ಬಳಕೆಯಾಗುವ 'ಇನ್ವರ್ಟರ್', ಎಂದರೆ ಬ್ಯಾಟರಿಯ ಏಕಮುಖ ಪ್ರವಾಹವನ್ನು ಪರ್ಯಾಯವಾಗಿಸುವ ಪೆಟ್ಟಿಗೆ, ಈ ಕುಲಕ್ಕೆ ಸೇರಿದುದು.

ಹಿಂದೆ ಈ ರೂಪಾಂತರವು ತಿರುಗುವ ಯಂತ್ರಗಳಿಂದ ನಡೆಯುತ್ತಿತ್ತು. ಪರ್ಯಾಯ ಪ್ರವಾಹದಿಂದ ಒಂದು ಮೋಟಾರನ್ನು ತಿರುಗಿಸಿ, ಅದರ ಅಚ್ಚಿಗೆ ಏಕಮುಖ ಪ್ರವಾಹದ ಜನಕವನ್ನು ಜೋಡಿಸುವುದು ಒಂದು ಕ್ರಮ. ಎರಡೂ ಯಂತ್ರಗಳು ನೂರಕ್ಕೆ ತೊಂಬತ್ತರಂತೆ ಫಲ ಕೊಟ್ಟರೂ ಕೊನೆಗೆ ಕೈಸೇರುವುದು ನೂರಕ್ಕೆ ಎಂಬತ್ತೊಂದು. ಉಳಿದುದು ಶಾಖ, ಸದ್ದು, ಸವೆತಗಳ ಪಾಲು. ಒತ್ತಡವನ್ನು ತಗ್ಗಿಸುವುದೊಂದೇ ಉದ್ದೇಶವಾಗಿದ್ದರೆ ದಾರಿಯಲ್ಲಿ ಒಂದು ನಿರೋಧವನ್ನು ಅಡ್ಡವಿಡುವ ಪದ್ಧತಿಯೂ ಇತ್ತು. ಆದರೆ 600 ವೋಲ್ಟಿನ ಮೂಲದಿಂದ 300 ವೋಲ್ಟಿನಲ್ಲಿ 100 ಆಂಪಿಯರ್ ಪ್ರವಾಹವನ್ನು ಹೀಗೆ ಪಡೆದರೆ, ಉಪಯೋಗಕ್ಕೆ ಬರುವ 30,000 ವ್ಯಾಟಿನಷ್ಟೇ ಶಕ್ತಿಯು ನಿರೋಧದಲ್ಲಿ ಸುಟ್ಟುಹೋಗುತ್ತದೆ. ತಡೆಯ ಮೂಲಕ ನಿಯಂತ್ರಿಸುವುದೆಂದರೆ ತಡೆದುದನ್ನೆಲ್ಲ ಕಳೆದುಕೊಳ್ಳುವುದೆಂದೇ ಅರ್ಥ.

ಇದಕ್ಕೆ ಪರಿಹಾರವಾದ ತತ್ತ್ವವು ಕೆರೆಯ ಕೆಳಗಿನ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಗೆ ಹೊಸದಲ್ಲ. ಒಂದೇ ಕಾಲುವೆಯ ನೀರನ್ನು ಇಬ್ಬರಿಗೆ ಕೊಡಬೇಕಾದಾಗ ಅವನು ಎರಡು ಮಡೆಗಳನ್ನೂ ಅರ್ಧಮರ್ಧ ತೆರೆದು ಕೂರಬೇಕಾಗಿಲ್ಲ. ಒಬ್ಬನಿಗೆ ಇಂತಿಷ್ಟು ಗಳಿಗೆ ಪೂರ್ತಿಯಾಗಿ ಬಿಟ್ಟು, ಆಮೇಲೆ ಪೂರ್ತಿಯಾಗಿ ಕಟ್ಟಿ, ಇನ್ನೊಬ್ಬನಿಗೆ ತಿರುಗಿಸಬಹುದು. ಅಳತೆಯಿರುವುದು ಮಡೆಯ ಅಗಲದಲ್ಲಲ್ಲ, ಕಾಲದಲ್ಲಿ. ಸರದಿಯಲ್ಲಿ ಬಂದ ನೀರು ಬದುವಿನೊಳಗೆ ನಿಂತು ಪೈರಿಗೆ ಎಡೆಬಿಡದೆ ದೊರೆಯುತ್ತದೆ. ವಿದ್ಯುತ್ತಿನ ರೂಪಾಂತರಕದಲ್ಲಿಯೂ ಒಂದು ಕವಾಟವು ಸೆಕೆಂಡಿಗೆ ಸಾವಿರಾರು ಸಲ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದೆ. ತೆರೆದಿರುವ ಕಾಲವು ಮುಚ್ಚಿರುವ ಕಾಲಕ್ಕೆ ಸಮವಾದರೆ ಸರಾಸರಿ ಒತ್ತಡವು ಅರ್ಧವಾಗುತ್ತದೆ. ಬದುವಿನ ಕೆಲಸವನ್ನು ತಂತಿಯ ಸುರುಳಿಯೂ ಧಾರಕವೂ ಮಾಡುತ್ತವೆ.

ನಷ್ಟವೆಂಬುದು ಕವಾಟದ ಮೇಲಿರುವ ಒತ್ತಡ ಮತ್ತು ಅದರೊಳಗಿನ ಪ್ರವಾಹ ಇವೆರಡರ ಗುಣಲಬ್ಧ. ಮುಚ್ಚಿದಾಗ ಪ್ರವಾಹವಿಲ್ಲ, ತೆರೆದಾಗ ಒತ್ತಡವು ಇಲ್ಲವೆನ್ನುವಷ್ಟು ಅಲ್ಪ. ಎರಡು ಸ್ಥಿತಿಗಳಲ್ಲಿಯೂ ಗುಣಲಬ್ಧವು ಶೂನ್ಯಕ್ಕೆ ಸಮೀಪ. ಎರಡೂ ಒಟ್ಟಿಗೆ ಇರುವುದು ತೆರೆಯುವ ಮತ್ತು ಮುಚ್ಚುವ ಕ್ಷಣದಲ್ಲಿ ಮಾತ್ರ. ಮೇಲ್ಕಂಡ ಉದಾಹರಣೆಯಲ್ಲಿ ಪ್ರವಾಹವು ಹಾದುಹೋಗುವಲ್ಲಿ 2 ವೋಲ್ಟು ಕಳೆಯುವುದೆಂದೂ, ಒಂದು ಸಲ ತೆರೆದು ಮುಚ್ಚಲು ಜೌಲಿನ ನೂರನೆಯ ಒಂದು ಭಾಗ ವ್ಯಯವಾಗುವುದೆಂದೂ, ಈ ಕ್ರಿಯೆ ಸೆಕೆಂಡಿಗೆ 10,000 ಸಲ ನಡೆಯುವುದೆಂದೂ ಇಟ್ಟುಕೊಂಡರೆ, ಮೊದಲನೆಯದಕ್ಕೆ 200 ವ್ಯಾಟ್, ಎರಡನೆಯದಕ್ಕೆ 100 ವ್ಯಾಟ್ ತಗಲುತ್ತದೆ. ನಿರೋಧದಲ್ಲಿ 30,000 ವ್ಯಾಟ್ ಸುಡುತ್ತಿದ್ದ ಕಡೆ ಇಲ್ಲಿ ಸುಡುವುದು 300. ಇನ್ನು ಈ ಶಾಸ್ತ್ರದ ಇತಿಹಾಸವೆಲ್ಲ ಒಳ್ಳೆಯ ಕವಾಟವನ್ನು ಅರಸಿದ ಇತಿಹಾಸವೆಂದರೆ ತಪ್ಪಾಗದು.

ಅವುಗಳಲ್ಲಿ ಬಹುಕಾಲ ಮೆರೆದದ್ದು ಪಾದರಸದ ಕವಾಟ. ಶಿವನಸಮುದ್ರದ ವಿದ್ಯುತ್ತು ಕೋಲಾರವನ್ನು ಸೇರಿದ 1902ರಲ್ಲಿಯೇ ಅಮೆರಿಕದ ಪೀಟರ್ ಕೂಪರ್ ಹ್ಯೂವಿಟ್ ಇದನ್ನು ಕಂಡುಹಿಡಿದನು. ಗಾಳಿಯನ್ನು ತೆಗೆದ ಗಾಜಿನ ಬುರುಡೆಯಲ್ಲಿ ಪಾದರಸದ ಮಡುವೊಂದಿದ್ದು, ಅದರ ಆವಿಯಲ್ಲಿ ನೀಲಿಯಾಗಿ ಹೊಳೆಯುವ ಚಾಪವು ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುತ್ತಿತ್ತು. ಸ್ವೀಡನ್ನಿನ ಊನೊ ಲಾಮ್ ಇದನ್ನು ಅತ್ಯುಚ್ಚ ಒತ್ತಡಕ್ಕೆ ಒಗ್ಗಿಸಲು ವರ್ಷಗಟ್ಟಲೆ ದುಡಿದುದರ ಫಲವಾಗಿ, 1954ರಲ್ಲಿ ಗೋಟ್ಲೆಂಡ್ ದ್ವೀಪಕ್ಕೆ ಸಮುದ್ರದಡಿಯ ಹೊರಜಿಯ ಮೂಲಕ 100 ಕಿಲೋವೋಲ್ಟಿನಲ್ಲಿ 20 ಮೆಗಾವ್ಯಾಟ್ ಶಕ್ತಿಯು ಏಕಮುಖವಾಗಿ ಹರಿಯಿತು. ಈ ಕವಾಟಕ್ಕೆ ಒಮ್ಮೊಮ್ಮೆ ಹಿಮ್ಮುಖವಾಗಿ ಚಾಪ ಹೊತ್ತಿಕೊಳ್ಳುವ ದುರ್ಗುಣವಿತ್ತು. ಹಾಗಿದ್ದರೂ ನ್ಯೂಜಿಲೆಂಡಿನಲ್ಲಿ ಅದು 2012ರವರೆಗೂ ಸೇವೆಯಲ್ಲಿತ್ತು.

ಪಾದರಸದ ಸ್ಥಾನಕ್ಕೆ ಬಂದದ್ದು 1957ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ರೂಪುಗೊಂಡ ಥೈರಿಸ್ಟರ್ ಎಂಬ ಸಿಲಿಕಾನಿನ ಬಿಲ್ಲೆ. ಶಿವನಸಮುದ್ರಕ್ಕೆ ವಿದ್ಯುದ್ಯಂತ್ರಗಳನ್ನು ಕಳುಹಿಸಿದ್ದೂ ಇದೇ ಸಂಸ್ಥೆ. ಕೋಲಾರದ ನಿಲ್ದಾಣದಲ್ಲಿ ಇಂತಹ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿ, ಧನ 500 ಮತ್ತು ಋಣ 500 ಕಿಲೋವೋಲ್ಟುಗಳಲ್ಲಿ ಬರುವ ಶಕ್ತಿಯನ್ನು ಪರ್ಯಾಯ ಪ್ರವಾಹವಾಗಿ ಮಾಡಲಾಗುತ್ತದೆ. ಈ ಮಾರ್ಗವು ಮೊದಲು 2,000 ಮೆಗಾವ್ಯಾಟಿಗಾಗಿ ನಿರ್ಮಿತವಾದುದು. ದೂರವೊಂದೇ ಇದಕ್ಕೆ ಕಾರಣವಲ್ಲ. 2003ರಲ್ಲಿ ದಕ್ಷಿಣದ ವಿದ್ಯುಜ್ಜಾಲವು ಉಳಿದ ಭಾರತದ ಜಾಲದೊಡನೆ ಹೆಜ್ಜೆ ಹಾಕುತ್ತಿರಲಿಲ್ಲ. ಎರಡು ಕಡೆಯೂ ಹೆಸರಿಗೆ 50 ಆವರ್ತಗಳಿದ್ದರೂ ತುಯ್ತಗಳು ಒಂದಾಗಿರಲಿಲ್ಲ. ತಾಳ ಸೇರದ ಎರಡು ಜಾಲಗಳನ್ನು ಪರ್ಯಾಯ ಪ್ರವಾಹದ ತಂತಿಯಿಂದ ಬೆಸೆಯಲಾಗದು. ಏಕಮುಖ ಪ್ರವಾಹಕ್ಕೆ ತಾಳದ ಹಂಗಿಲ್ಲ. ರಾಯಚೂರು–ಸೊಲ್ಲಾಪುರ ಮಾರ್ಗದಿಂದ ಜಾಲಗಳೆರಡೂ ಒಂದಾದುದು 2013ರ ಡಿಸೆಂಬರ್ 31ರಂದು.

ಥೈರಿಸ್ಟರಿಗೂ ಒಂದು ಕೊರತೆಯುಂಟು. ಸಂಜ್ಞೆ ಕೊಟ್ಟೊಡನೆ ಅದು ತೆರೆಯುತ್ತದೆ, ಆದರೆ ಸಂಜ್ಞೆಯಿಂದ ಮುಚ್ಚುವುದಿಲ್ಲ; ಪ್ರವಾಹವು ತಾನಾಗಿ ಶೂನ್ಯಕ್ಕೆ ಇಳಿಯಬೇಕು. ದೊಡ್ಡ ಜಾಲದಲ್ಲಿ ಪರ್ಯಾಯ ಒತ್ತಡವೇ ಆ ಉಪಕಾರವನ್ನು ಮಾಡುತ್ತದೆ. ಬ್ಯಾಟರಿಯೊಂದರಿಂದ ನಡೆಯುವ ಗಾಡಿಯಲ್ಲಿ ಅದನ್ನು ಮಾಡುವವರಿಲ್ಲ. ಕರೆದಾಗ ತೆರೆದು, ಹೇಳಿದಾಗ ಮುಚ್ಚುವ ಕವಾಟವಾಗಿ ಟ್ರಾನ್ಸಿಸ್ಟರ್ ಇದ್ದಿತಾದರೂ ಅದರ ಎರಡು ಜಾತಿಗಳಲ್ಲಿಯೂ ದೋಷವಿತ್ತು. ಒಂದನ್ನು ತೆರೆದಿಡಲು ಬಹಳ ಪ್ರವಾಹ ಬೇಕು. ಇನ್ನೊಂದರ ದ್ವಾರವು ತೆಳುಪೊರೆಯಿಂದ ಪ್ರತ್ಯೇಕಿತವಾಗಿರುವುದರಿಂದ ಅದಕ್ಕೆ ಅಲ್ಪಸಂಜ್ಞೆ ಸಾಕು. ಆದರೆ ಹೆಚ್ಚು ಒತ್ತಡವನ್ನು ತಾಳುವಂತೆ ಮಾಡಿದಷ್ಟೂ ಅದರ ನಿರೋಧ ಏರುತ್ತದೆ.

ಇವೆರಡರ ಗುಣಗಳನ್ನು ಒಂದೇ ಬಿಲ್ಲೆಯಲ್ಲಿ ಕೂಡಿಸಿದವರಲ್ಲಿ ಅಗ್ರಗಣ್ಯರು ಬಿ. ಜಯಂತ ಬಾಳಿಗರು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದು, ಮದರಾಸಿನ ಐ.ಐ.ಟಿ.ಯಲ್ಲಿ ಓದಿ ಅಮೆರಿಕಕ್ಕೆ ತೆರಳಿದ ಅವರು, 1980ರ ಆಸುಪಾಸಿನಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಐ.ಜಿ.ಬಿ.ಟಿ. ಎಂದು ಹೆಸರಾದ ಟ್ರಾನ್ಸಿಸ್ಟರನ್ನು ಸಾಧಿಸಿದರು. ಬೆಕ್ ಮತ್ತು ವೀಟ್ಲಿ, ಜಪಾನಿನ ನಾಕಾಗಾವ ಮೊದಲಾದವರ ಪಾಲೂ ಈ ಕಾರ್ಯದಲ್ಲಿದೆ. ಇದು ತೆರೆದಾಗ ಸಿಲಿಕಾನಿನ ಒಳಪದರವು ವಿದ್ಯುತ್ಕಣಗಳಿಂದ ತುಂಬಿ ನಿರೋಧವು ಕುಗ್ಗುತ್ತದೆ. ಮುಚ್ಚುವಾಗಲೇ ತೊಡಕು: ಜಾತ್ರೆ ಮುಗಿದು ಬಾಗಿಲಿಕ್ಕಿದರೂ ಒಳಗಿನ ಜನ ಕರಗಲು ಹೊತ್ತು ಹಿಡಿಯುವಂತೆ, ಪ್ರವಾಹದ ಬಾಲವೊಂದು ಉಳಿದು ನಷ್ಟವನ್ನು ಉಂಟುಮಾಡುತ್ತದೆ. ಬಾಳಿಗರು ಬಿಲ್ಲೆಯ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿ, ಆ ಕಣಗಳು ಬೇಗ ಅಳಿಯುವಂತೆ ಮಾಡಿ ಈ ಬಾಲವನ್ನು ಮೊಟಕುಗೊಳಿಸಿದರು. 2024ರಲ್ಲಿ ಅವರಿಗೆ ಫಿನ್ಲೆಂಡಿನ ಮಿಲೆನಿಯಮ್ ತಂತ್ರವಿದ್ಯಾ ಪಾರಿತೋಷಕ ದೊರೆಯಿತು. 2011ರಲ್ಲಿ ಓಡತೊಡಗಿದ ಬೆಂಗಳೂರಿನ ಮೆಟ್ರೋ ರೈಲಿಗೆ ಹಳಿಯ ಪಕ್ಕದ ಕಂಬಿಯಿಂದ ಸಿಕ್ಕುವುದು 750 ವೋಲ್ಟಿನ ಏಕಮುಖ ಪ್ರವಾಹ. ಅದರ ಮೋಟಾರುಗಳಿಗೆ ಬೇಕಾದುದು ವೇಗಕ್ಕೆ ತಕ್ಕಂತೆ ಆವರ್ತ ಬದಲಾಗುವ ಪರ್ಯಾಯ ಪ್ರವಾಹ. ಇಂತಹ ಕೆಲಸಕ್ಕೆ ಹೇಳಿ ಮಾಡಿಸಿದ ಕವಾಟವಿದು.

ಸಂಶೋಧನೆಯು ಈಗ ಸಿಲಿಕಾನನ್ನು ದಾಟಿ ಸಿಲಿಕಾನ್ ಕಾರ್ಬೈಡಿನ ಕಡೆಗೆ ಹೊರಳಿದೆ. ಸಾಣೆಕಲ್ಲಿನಲ್ಲಿ ಬಳಸುವ ಈ ಕಠಿನ ವಸ್ತುವು ಸಿಲಿಕಾನಿಗಿಂತ ಸುಮಾರು ಹತ್ತುಪಟ್ಟು ತೀವ್ರವಾದ ವಿದ್ಯುತ್‌ಕ್ಷೇತ್ರವನ್ನು ತಾಳಬಲ್ಲುದಾದ್ದರಿಂದ ಪದರವು ಬಹಳ ತೆಳುವಾಗಿದ್ದರೂ ಸಾಕು. ಒಳಗೆ ಜನವನ್ನು ತುಂಬದೆಯೇ ನಿರೋಧವು ತಗ್ಗುತ್ತದೆ, ಬಾಲದ ತೊಂದರೆಯೂ ಹೆಚ್ಚುಕಡಮೆ ಇಲ್ಲವಾಗುತ್ತದೆ. ವಿದ್ಯುತ್ ಮೋಟಾರುಗಾಡಿಗಳಲ್ಲಿ ಇದರ ಬಳಕೆ ಆಗಲೇ ಮೊದಲಾಗಿದೆ. ಆದರೆ ಸಿಲಿಕಾನನ್ನು ಕರಗಿಸಿ ಅದರ ಹರಳನ್ನು ಎಳೆಯುವಂತೆ ಇದನ್ನು ಎಳೆಯುವುದು ಸುಲಭವಲ್ಲ. ಸಾಧಾರಣ ಒತ್ತಡದಲ್ಲಿ ಇದು ಕರಗದೆ ನೇರವಾಗಿ ಆವಿಯಾಗುತ್ತದೆ. 2,000 ಡಿಗ್ರಿಗೂ ಮೀರಿದ ಕುಲುಮೆಯಲ್ಲಿ ಆ ಆವಿಯಿಂದಲೇ ಹರಳನ್ನು ಕೂದಲೆಳೆಯಷ್ಟೆಷ್ಟೇ ಬೆಳೆಸಬೇಕಾಗುತ್ತದೆ. ಇದರ ಬಿಲ್ಲೆಯು ಇನ್ನೂ ದುಬಾರಿಯಾಗಿ ಉಳಿದಿರುವುದಕ್ಕೆ ಮುಖ್ಯ ಕಾರಣ ಇದೇ.