ಗುಳೆ ಹೋದವರು ಯಾವ ಊರಿನವರು?

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ಕೊನೆಯಲ್ಲಿ ಮಾತ್ರ, ಅದನ್ನು ಬರೆದ ಚಪಡನೆಂಬಾತ ತಾನು ಲಿಪಿಕಾರನೆಂಬುದನ್ನು ಖರೋಷ್ಠಿ ಲಿಪಿಯಲ್ಲಿ ಸೂಚಿಸಿದ್ದಾನೆ. ಖರೋಷ್ಠಿ ವಾಯವ್ಯ ಗಡಿನಾಡಿನ ಲಿಪಿ. ಚಪಡ ಅಲ್ಲಿಂದ ಬಂದವನಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಅಂದು ದೂರದವನಿಗೆ ಕೆಲಸ ಕೊಟ್ಟ ನೆಲದಿಂದ ಇಂದು ಜನ ಕೆಲಸ ಹುಡುಕಿ ಹೊರಡುತ್ತಾರೆ.

ಚಳ್ಳಕೆರೆ, ಮೊಳಕಾಲ್ಮುರು ಮಳೆ ಕಡಿಮೆಯ ಸೀಮೆ. ಶೇಂಗಾ ಕೈಕೊಟ್ಟ ವರ್ಷ ಹಟ್ಟಿಗಳಲ್ಲಿ ಮನೆಗಳಿಗೆ ಬೀಗ ಬೀಳುತ್ತದೆ. ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಕೆಲವರು ಕಾಫಿ ಸೀಮೆಗೆ. ಇದೇ ಗುಳೆ.

ಹೀಗೆ ಹೋದವನು ಯಾವ ಊರಿನವನು? ಈ ಪ್ರಶ್ನೆ ಹಳೆಯದು. ಒಂದು ಊರಿನಲ್ಲಿ ವಾಸವಿದ್ದ ಮಾತ್ರಕ್ಕೆ ಯಾರೂ ಅಲ್ಲಿನ ಪೌರರಾಗುವುದಿಲ್ಲ, ಆಡಳಿತದಲ್ಲಿ ಪಾಲುಳ್ಳವನೇ ಪೌರ ಎಂದ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್. ವಿಚಿತ್ರವೆಂದರೆ, ಸ್ಟಗಿರಾದಲ್ಲಿ ಹುಟ್ಟಿದ ಅವನೇ ಅಥೆನ್ಸ್‌ನಲ್ಲಿ ವಲಸಿಗ. ಅಲ್ಲಿ ಅವನಿಗೆ ಮತದ ಹಕ್ಕಿರಲಿಲ್ಲ.

ದುಡಿಮೆ ಬೇಕು, ದುಡಿಯುವವನ ಮಾತು ಬೇಡ ಎನ್ನುವುದು ದಬ್ಬಾಳಿಕೆ ಎಂಬುದು ಅಮೆರಿಕದ ಚಿಂತಕ ಮೈಕೆಲ್ ವಾಲ್ಜರ್ 1983ರಲ್ಲಿ ಮುಂದಿಟ್ಟ ವಾದ. ಅವರ ಮುಂದಿದ್ದುದು ಪರದೇಶದಿಂದ ಬಂದ ಕೂಲಿಕಾರರು. ನಮ್ಮವರು ಪರದೇಶಿಗಳಲ್ಲ. ದೇಶದ ಎಲ್ಲಿ ಬೇಕಾದರೂ ಸಂಚರಿಸುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಆದರೆ ಓಟು ಹುಟ್ಟೂರಲ್ಲಿ, ಕಷ್ಟ ತೋಟದ ಲೈನ್ ಮನೆಯಲ್ಲಿ. ಅಲ್ಲಿಯ ನೀರು, ಶೌಚಾಲಯದ ಬಗ್ಗೆ ಇವರನ್ನು ಕೇಳುವ ಪಂಚಾಯಿತಿ ಸದಸ್ಯರು ಯಾರು?

ಕಾನೂನಿಗೂ ಗಡಿಯದೇ ಲೆಕ್ಕ. 1979ರ ವಲಸೆ ಕಾರ್ಮಿಕರ ಕಾಯ್ದೆ ಅಂತರರಾಜ್ಯ ವಲಸಿಗರಿಗಷ್ಟೇ ಸಂಬಂಧಿಸಿದ್ದು. ಗುತ್ತಿಗೆದಾರನೊಬ್ಬ ಮೊಳಕಾಲ್ಮುರಿನಿಂದ ಪಕ್ಕದ ಆಂಧ್ರದ ರಾಯದುರ್ಗಕ್ಕೆ ಕರೆದೊಯ್ದವರು ಅದರ ಲೆಕ್ಕಕ್ಕೆ ಸಿಗಬಹುದಿತ್ತು. ದೂರದ ಕೊಡಗಿಗೆ ಕರೆದೊಯ್ದವರು ಸಿಗುತ್ತಿರಲಿಲ್ಲ!

ಜೊತೆಯಲ್ಲಿ ಹೊರಟ ಮಕ್ಕಳ ಗತಿ? ಶಿಕ್ಷಣ ಹಕ್ಕು ಕಾಯ್ದೆ (2009) ಇಲ್ಲಿ ಸ್ಪಷ್ಟವಾಗಿದೆ: ವರ್ಗಾವಣೆ ಪತ್ರ ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಗುಳೆ ಹೊರಡುವ ತಂದೆತಾಯಿ ತಿಳಿದಿರಬೇಕಾದ ಮಾತಿದು. ನಿಮ್ಮ ತರಗತಿಗೆ ನಡುವರ್ಷದಲ್ಲಿ ಹೊಸ ಹುಡುಗಿಯೊಬ್ಬಳು ಬಂದರೆ ಬೆಂಚಿನಲ್ಲಿ ಸ್ವಲ್ಪ ಸರಿದು ಕೂರಿ. ಅವಳು ಹಕ್ಕಿನಿಂದಲೇ ಬಂದವಳು.