ಸಣ್ಣ ಕಾಲೇಜಿನ ಬಾಗಿಲಿಗೆ ಬಂದ ಪ್ರಯೋಗಶಾಲೆ

ಅಮೇರಿಕವೆಂದರೆ ಮೂಲೆಮೂಲೆಯೂ ಸಮನಾಗಿ ಸಿರಿವಂತವಾದ ನಾಡೆಂಬ ಭಾವನೆ ನಮ್ಮವರಲ್ಲಿ ಬೇರೂರಿದೆ. ವಸ್ತುಸ್ಥಿತಿ ಹಾಗಿಲ್ಲ. ವೈದ್ಯಕೀಯ ಸಂಶೋಧನೆಗೆಂದು ಅಲ್ಲಿನ ಕೇಂದ್ರ ಸರಕಾರವು ಕೊಡುವ ಹಣದ ಬಹುಭಾಗವು ಕೆಲವೇ ರಾಜ್ಯಗಳ ಹೆಸರಾಂತ ವಿಶ್ವವಿದ್ಯಾಲಯಗಳಿಗೆ ಸಲ್ಲುತ್ತಿದ್ದಿತು. ಮೊಂಟಾನಾ, ವಯೋಮಿಂಗ್, ಮೇನ್‌ಗಳಂತಹ ರಾಜ್ಯಗಳ ಪಾಲು ಅತ್ಯಲ್ಪ. ಈ ಕೊರತೆಯನ್ನು ನೀಗಲೆಂದೇ 1993ರಲ್ಲಿ ಅಲ್ಲಿನ ಕಾಂಗ್ರೆಸ್ಸು 'ಐಡಿಯಾ' ಎಂಬ ಯೋಜನೆಗೆ ಅಧಿಕಾರವಿತ್ತಿತು. 2001ರಲ್ಲಿ ಅದರಿಂದ ಹುಟ್ಟಿದ ರಾಜ್ಯವ್ಯಾಪಿ ಜಾಲಗಳು 2004ರಿಂದ 'ಇನ್‌ಬ್ರಿ' ಎಂಬ ಹೆಸರಿನಲ್ಲಿ ಬೆಳೆದು, 23 ರಾಜ್ಯಗಳನ್ನೂ ಪೋರ್ಟೊರಿಕೊವನ್ನೂ ಮುಟ್ಟಿದವು.

ಇದರ ಏರ್ಪಾಡು ಹೀಗೆ: ರಾಜ್ಯದಲ್ಲಿ ಒಂದು ಸಂಸ್ಥೆ ಮುಂದಾಳು, ಪದವಿ ತರಗತಿಗಳನ್ನು ನಡೆಸುವ ಸಣ್ಣ ಕಾಲೇಜುಗಳು ಅದರ ಜೊತೆಗಾರರು. ಮೇನ್ ರಾಜ್ಯದಲ್ಲಿ ಮುಂದಾಳುತನ ವಹಿಸಿದುದು ವಿಶ್ವವಿದ್ಯಾಲಯವಲ್ಲ. 1898ರಲ್ಲಿ ಸ್ಥಾಪಿತವಾದ, ಕಡಲ ದಂಡೆಯ ಒಂದು ಜೀವಶಾಸ್ತ್ರ ಪ್ರಯೋಗಶಾಲೆ. ಬೇಟ್ಸ್, ಬೋಡಿನ್, ಕಾಲ್ಬಿ ಮೊದಲಾದ ಕಾಲೇಜುಗಳ ತರುಣರು ಅಲ್ಲಿಗೆ ಹೋಗಿ ಕೈಯಾರೆ ಪ್ರಯೋಗ ಮಾಡಿ ಕಲಿತಿದ್ದಾರೆ.

ಕೇಳಲು ಸುಲಭ, ನಡೆಸುವುದು ಸುಲಭವಲ್ಲ. ಹಣ ಬರುವುದು ಮುಂದಾಳು ಸಂಸ್ಥೆಗೆ, ಸರಕಾರಕ್ಕೆ ಉತ್ತರ ಹೇಳಬೇಕಾದುದೂ ಅದೇ. ಖರ್ಚಾಗುವುದು ಮಾತ್ರ ಹತ್ತು ಊರುಗಳಲ್ಲಿ. ಒಂದಕ್ಕೆ ಮೂರು ಹೋಟೆಲು ಮಾಡಿ ಗಲ್ಲಾದಲ್ಲಿ ಕುಳಿತ ನಮಗೆ ಇದರ ಬಿಸಿ ಚೆನ್ನಾಗಿ ಗೊತ್ತು. ಅಡಿಗೆ ಹೇಗೋ ಆಗುತ್ತದೆ, ರಾತ್ರಿಯ ಲೆಕ್ಕ ಕೂಡಿಬರಬೇಕಲ್ಲ! ಅಲ್ಲಿಯ ವ್ಯವಸ್ಥಾಪಕರು ಪ್ರತಿಯೊಂದು ಕಾಲೇಜಿನೊಡನೆ ಕರಾರು ಮಾಡಿಕೊಳ್ಳಬೇಕು; ಪ್ರಾಣಿಗಳ ಮೇಲೋ ಮನುಷ್ಯರ ಮೇಲೋ ಪ್ರಯೋಗವಾದರೆ ಸಮಿತಿಯ ಅನುಮತಿಯನ್ನು ನೋಡಬೇಕು; ವರ್ಷಕ್ಕೊಮ್ಮೆ ವರದಿ ಒಪ್ಪಿಸಬೇಕು. ಅನುದಾನದ ಅವಧಿ ಐದು ವರ್ಷ. ಅದು ತೀರಿದೊಡನೆ ಹೊಸದಾಗಿ ಅರ್ಜಿ ಹಾಕಿ ಅರ್ಹತೆಯನ್ನು ತೋರಿಸಬೇಕು. ಕಾಗದಪತ್ರಗಳ ಈ ಹೊರೆಯನ್ನು ಹೊರುವ ಗುಮಾಸ್ತರ ಹೆಸರು ಯಾವ ಸಂಶೋಧನ ಪ್ರಬಂಧದ ತಲೆಯ ಮೇಲೂ ಅಚ್ಚಾಗುವುದಿಲ್ಲ. ಕಚೇರಿಗಳಲ್ಲಿ ದುಡಿಯುವ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರಗಳಿಗಿಂತಲೂ ದುರ್ಲಭವಾದುದು ಅಧ್ಯಾಪಕರ ಹೊತ್ತು. ಸಣ್ಣ ಕಾಲೇಜಿನ ಉಪಾಧ್ಯಾಯರಿಗೆ ಪಾಠದ ಮೇಲೆ ಪಾಠ; ಸಂಶೋಧನೆಗೆ ಬಿಡುವೆಲ್ಲಿ? ಅವರ ತರಗತಿಗಳನ್ನು ಬೇರೊಬ್ಬರು ತೆಗೆದುಕೊಳ್ಳುವಂತೆ ಜಾಲವು ಕಾಲೇಜಿಗೆ ಹಣ ತೆರುವುದುಂಟು. ಅನುದಾನದ ಅತ್ಯಂತ ಸಾರ್ಥಕ ವೆಚ್ಚ ಇದೆಂದೇ ನಮ್ಮ ಎಣಿಕೆ.

ವಿದ್ಯಾರ್ಥಿಗಳ ಮಾತಿಗೆ ಬರೋಣ. ಬೇಸಗೆಯ ರಜೆಯಲ್ಲಿ ಉಪಾಹಾರಗೃಹಗಳ ತಟ್ಟೆ ತೊಳೆದು ಶುಲ್ಕ ಹೊಂದಿಸುವ ಹುಡುಗರು ಆ ನಾಡಿನಲ್ಲಿಯೂ ಇದ್ದಾರೆ. ಹಗಲು ಮಾಣಿಯಾಗಿ ದುಡಿದು ಮುಂಬಯಿಯ ರಾತ್ರಿಶಾಲೆಯಲ್ಲಿ ಓದಿದವರಿಗೆ ಆ ಬಾಳು ಹೊಸದಲ್ಲ. ಅಂಥವನಿಗೆ ಪ್ರಯೋಗಶಾಲೆಯಲ್ಲಿ ಪುಕ್ಕಟೆಯಾಗಿ ಕಲಿ ಎಂದರೆ ಅವನು ಬರಲಾರ. ಬಂದರೆ ಶುಲ್ಕಕ್ಕೇನು ಗತಿ? ಆದುದರಿಂದಲೇ ಬೇಸಗೆಯ ಆ ಕೆಲವು ವಾರಗಳ ಕೆಲಸಕ್ಕೆ ವೇತನವನ್ನು ಗೊತ್ತುಮಾಡಿದ್ದಾರೆ. ಆ ವೇತನ ಒಂದು ತಿಂಗಳು ತಡವಾದರೆ ಹುಡುಗ ಮರಳಿ ತಟ್ಟೆಯ ಬಳಿಗೆ ಹೋಗಬೇಕಾದೀತು. ವ್ಯವಸ್ಥಾಪಕರ ಒಂದು ರುಜುವಿನ ಬೆಲೆ ಇಲ್ಲಿ ತಿಳಿಯುತ್ತದೆ.

ಬೇಸಗೆ ಮುಗಿದ ಮೇಲೆ ಎಲ್ಲ ಕಾಲೇಜುಗಳ ಹುಡುಗ ಹುಡುಗಿಯರೂ ಒಂದೆಡೆ ಸೇರುವರು. ತಾವು ಕಂಡುದನ್ನು ದೊಡ್ಡ ಹಾಳೆಯ ಮೇಲೆ ಬರೆದು ಗೋಡೆಗೆ ತೂಗುಹಾಕಿ ಪಕ್ಕದಲ್ಲಿ ನಿಲ್ಲುವರು. ಹಿರಿಯ ವಿಜ್ಞಾನಿಗಳು ಹಾಳೆಯಿಂದ ಹಾಳೆಗೆ ನಡೆದು ಪ್ರಶ್ನೆ ಕೇಳುತ್ತಾರೆ. ಉತ್ತರವನ್ನು ಆ ಹುಡುಗನೇ ಹೇಳಬೇಕು.